ಪೈಪಿಗೊಂದು ದಾರಿ

ಬೇರೆ ಗಾಡಿಯ ಇಂಜಿನ್ ಟರ್ಬೊ ಸಮೇತ ಕಾರಿನೊಳಗೆ ಕೂತಿತ್ತು, ಅದರ ಹೊಗೆ ಹೊರಹೋಗುವ ಪೈಪಿಗೆ ಮಾತ್ರ ದಾರಿಯಿರಲಿಲ್ಲ. ಬಲಕ್ಕೆ ತಂದರೆ ಸ್ಟೀರಿಂಗ್ ಅಡ್ಡ, ನಡುವೆ ಇಳಿಸಿದರೆ ಗೇರ್‌ಬಾಕ್ಸ್ ಅಡ್ಡ. ಮೂಡಿಗೆರೆಯ ಗ್ಯಾರೇಜಿನಲ್ಲಿ, ಐವತ್ತೆಂಟರ ಅಂಬಾಸಿಡರಿನ ಅಡಿ ಮಲಗಿದ್ದ ಮೆಕ್ಯಾನಿಕ್ ರೇವಣ್ಣ ದಪ್ಪ ತಂತಿಯೊಂದನ್ನು ಬಗ್ಗಿಸಿ ಬಗ್ಗಿಸಿ ಪೈಪಿನ ದಾರಿ ಹುಡುಕುತ್ತಿದ್ದ.

ಬಾಡಿಯನ್ನು ಎರಡಿಂಚು ಕೊಯ್ದರೆ ಸುಲಭ ಎಂದವನೇ, ಕಾರು ತಂದಿದ್ದ ದಿಲೀಪ್ ಬಾಯಿ ತೆರೆಯುವ ಮೊದಲೇ, ಮೂಗಿನಲ್ಲಿ ಮಾತಾಡುವ ಅವನ ತಂದೆ ನಾಗೇಶಗೌಡರ ದನಿ ತೆಗೆದ.

"ನಮ್ಮಪ್ಪಯ್ಯ ತಗೊಂಡ ಗಾಡಿ ಮಾರಾಯ. ಬಾಡಿಗೆ ಕತ್ತರಿ ಹಾಕಿದ್ರೆ, ಓಡಿಸುವಾಗ ನಂಗೆ ಒಂಚೂರು ಕಿರಿಕಿರಿ ಆದ್ರೆ, ನಿನ್ನ ಇಂಜಿನ್ ಗುಜರಿಗೆ."

ದನಿ ಎಷ್ಟು ಸರಿಯಾಗಿತ್ತೆಂದರೆ ದಿಲೀಪ್ ಬಾಗಿಲ ಕಡೆ ತಿರುಗಿ ನೋಡಿದ. ಘಾಟಿಯಲ್ಲಿ ಉರುಳಿದ್ದ ಜೀಪಿನಿಂದ ಆ ಇಂಜಿನ್ ತಂದು ಎಂಟು ತಿಂಗಳಿಂದ ಅದರ ಹಿಂದೆ ಬಿದ್ದಿದ್ದ ಅವನಿಗೆ ನಗು ಬರಲಿಲ್ಲ.

ಕೊನೆಗೆ ತಂತಿ ಎಡಗಡೆಯಿಂದ, ಮುಂದಿನ ಸೀಟಿನವರು ಕಾಲಿಡುವ ತಗಡಿಗೆ ಅಂಟಿಕೊಂಡೇ ಹಾದುಹೋಯಿತು. ಮೂರು ಬೆಂಡ್, ಆರು ವೆಲ್ಡಿಂಗ್. ಗಾಡಿ ಸಿಳ್ಳೆ ಹೊಡೆಯುತ್ತ ಏರು ಹತ್ತಿತು. ಎರಡು ಮೈಲಿ ಹೋಗುವುದರೊಳಗೆ, ಎಡಗಡೆ ಕೂತಿದ್ದ ರೇವಣ್ಣ ಚಪ್ಪಲಿ ಕಳಚಿ ಮೂಸಿ ನೋಡಿದ.

"ನಿಮ್ಮಪ್ಪಯ್ಯ ಒಬ್ರೇ ತಾನೇ ಓಡಿಸಿ ನೋಡೋದು?"

"ಹೌದು."

"ಹಂಗಾದ್ರೆ ಸುಮ್ನಿರಿ. ಸುಡೋದು ಎಡಗಡೆ."

ಮರುದಿನ ಬೆಳಿಗ್ಗೆ ನಾಗೇಶಗೌಡರು ಒಬ್ಬರೇ ಗಾಡಿ ಓಡಿಸಿಕೊಂಡು ಜಾವಳಿಯವರೆಗೆ ಹೋಗಿ ಬಂದರು. ಇಳಿದವರು ಗಾಡಿ ಸುತ್ತಿ ಬಂದು ಎಡಬಾಗಿಲು ತೆರೆದರು. ಕೆಳಗಿಟ್ಟಿದ್ದ ಕೈಚೀಲ ಬೆಚ್ಚಗಾಗಿತ್ತು. ತಗಡಿನ ಮೇಲೆ ಅಂಗೈ ಊರಿ, ಜ್ವರ ನೋಡುವವರಂತೆ ಸ್ವಲ್ಪ ಹೊತ್ತು ನಿಂತರು. ದಿಲೀಪ್ ಗುಜರಿಯವನ ಮುಖ ನೆನೆಸಿಕೊಂಡ. ತಂದೆ ಕಾಫಿ ಒಣಗಿಸುವ ಕಣದ ಕಡೆ ನಡೆದರು.

ಡಿಸೆಂಬರಿನಲ್ಲಿ ಕೂತ ಮೋಡ ಆರು ದಿನದಿಂದ ಕದಲಿರಲಿಲ್ಲ. ಹಣ್ಣಿನ ಸಿಪ್ಪೆ ತೆಗೆದು, ತೊಳೆದು, ಹೊಟ್ಟಿನ ಸಮೇತ ಹರಡಿದ್ದ ಪಾರ್ಚ್‌ಮೆಂಟ್ ಕಾಫಿ ಒಣಗದೆ ಟಾರ್ಪಾಲಿನಡಿ ಮುಗ್ಗಲು ವಾಸನೆ ಹೊಡೆಯುತ್ತಿತ್ತು. ಗೌಡರು ಅದರಲ್ಲೇ ಅರ್ಧ ಬುಟ್ಟಿ ತಂದರು, ಕಾರಿನ ಎಡಗಡೆಯ ರಬ್ಬರ್ ಮ್ಯಾಟ್ ಕಿತ್ತೆಸೆದು ಬಿಸಿ ತಗಡಿನ ಮೇಲೆ ಗೋಣಿ ಹಾಸಿದರು, ಕಾಫಿ ಸುರಿದು ತೆಳ್ಳಗೆ ಹರಡಿದರು. ಮತ್ತೆ ಗಾಡಿ ಹತ್ತಿ ಹೋದವರು ಬಂದದ್ದು ಒಂದು ಗಂಟೆಯ ಮೇಲೆ.

ಬಾಗಿಲು ತೆರೆದು ಒಂದು ಬೀಜ ಆರಿಸಿ, ಹೊಟ್ಟು ಸುಲಿದು, ದವಡೆಯಲ್ಲಿಟ್ಟು ಕಚ್ಚಿದರು.

"ಇನ್ನೂ ಹಸಿ," ಎಂದು ಉಗಿದು, ಕೀಲಿಯನ್ನು ಮಗನ ಅಂಗೈಗೆ ಹಾಕಿದರು. "ಆಲ್ದೂರಿಗೊಂದು ಸಲ ಹೋಗಿ ಬಾ. ಎರಡನೇ ಗೇರಲ್ಲೇ ಹೋಗು, ತಗಡು ಚೆನ್ನಾಗಿ ಕಾಯ್ಲಿ."