ಪವರ್ ಬ್ಯಾಂಕ್ ಕೈಯಲ್ಲೇ ಇರಲಿ

"ನಿಮ್ಮ ಸೂಟ್‌ಕೇಸಿನಲ್ಲಿ ಪವರ್ ಬ್ಯಾಂಕ್ ಇದೆ ಸರ್. ತೆಗೆದು ಕೈಯಲ್ಲಿಟ್ಟುಕೊಳ್ಳಿ," ಎಂದಳು ವಿಮಾನ ನಿಲ್ದಾಣದ ಹುಡುಗಿ.

"ಇಷ್ಟಕ್ಕೆ ನನ್ನನ್ನ ಗೇಟಿಂದ ವಾಪಸ್ ಓಡಿಸಿದ್ರೇನ್ರೀ?" ಅವನು ಅಬ್ಬರಿಸಿದ. ಎದೆಗವಚಿಕೊಂಡಿದ್ದು ಅಮ್ಮನ ಅಸ್ಥಿಯ ಕುಡಿಕೆ. ಕಾಶಿ ಮುಟ್ಟುವವರೆಗೆ ನೆಲಕ್ಕಿಡುವುದಿಲ್ಲ, ಕೈಬಿಡುವುದಿಲ್ಲ ಎಂದು, ಈಗ ಗೇಟಿನಲ್ಲಿ ಕಾಯುತ್ತಿದ್ದ ತಂಗಿಗೆ ಮಾತು ಕೊಟ್ಟಿದ್ದ.

"ಒಳಗಿದ್ರೆ ಬೆಂಕಿ ಹತ್ತಬಹುದು ಸರ್."

"ಮೈಯೆಲ್ಲ ಬೆಂಕಿ ಹತ್ತಿರೋದು ನನಗೆ!"

ಸೂಟ್‌ಕೇಸ್ ತೆರೆದು ಹುಡುಕಲು ಎರಡೂ ಕೈ ಬೇಕಾದವು. ಕುಡಿಕೆಯನ್ನು ನೆಲಕ್ಕಿಡದೆ ಒಳಗಿನ ಬಟ್ಟೆಗಳ ಮೇಲಿಟ್ಟ. ಪವರ್ ಬ್ಯಾಂಕ್ ಸಿಕ್ಕಿತು. ಬೈಯುತ್ತಲೇ ಸೂಟ್‌ಕೇಸನ್ನು ದಬ್ಬನೆ ಮುಚ್ಚಿ ಸಾಮಾನು ಸಾಗಿಸುವ ಬೆಲ್ಟಿನ ಮೇಲೆ ತಳ್ಳಿದ.

ವಿಮಾನ ಮೇಲೇರಿದರೂ ಸಿಟ್ಟು ಇಳಿಯಲಿಲ್ಲ. "ಈ ಪವರ್ ಬ್ಯಾಂಕ್ ಡಬ್ಬಾನ ಕಾಶೀತನಕ ಕೈಯಲ್ಲೇ ಹಿಡ್ಕೊಂಡಿರಬೇಕಂತೆ, ನೋಡು!"

ಪಕ್ಕದಲ್ಲಿದ್ದ ತಂಗಿ ಅವನ ಕೈ ನೋಡಿದಳು. "ಅಣ್ಣಾ, ಅಮ್ಮ ಎಲ್ಲಿ?"