ಜಡೆಯ ಸನ್ನೆ

ಕ್ರಿಕೆಟ್ ಗೊತ್ತಿಲ್ಲದವರೂ ಓದಿ... ಇದು ಬರೀ ಆಟದ ಮಾತಲ್ಲ.

ಗದಗಿನ ಹುಡುಗಿ ಶಿವಲೀಲಾ. ಇಪ್ಪತ್ತಕ್ಕೇ ಭಾರತ ತಂಡದ ಸ್ಪಿನ್ ಬೌಲರ್!

ಹೊರಕ್ಕೆ ತಿರುಗುತ್ತದೆ ಅಂದುಕೊಂಡ ಬಾಲ್ ಒಳಕ್ಕೆ ನುಗ್ಗುತ್ತಿತ್ತು... ಅದೇ ಅವಳ ಗೂಗ್ಲಿ. ಎಂತೆಂಥವರೂ ಬೆಪ್ಪಾಗುತ್ತಿದ್ದರು.

ಅದರ ಗುಟ್ಟು ಗೊತ್ತಿದ್ದದ್ದು ವಿಕೆಟ್ ಹಿಂದೆ ನಿಂತು ಬಾಲ್ ಹಿಡಿಯುವ ಕೀಪರ್ ಮಧುಮತಿಗೆ ಮಾತ್ರ. ಗೂಗ್ಲಿ ಹಾಕುವ ಮುನ್ನ ಶಿವಲೀಲಾ ಜಡೆಯನ್ನು ಬೆನ್ನ ಹಿಂದಕ್ಕೆ ಎಸೆಯುತ್ತಿದ್ದಳು... ಅದು ಅವರಿಬ್ಬರ ಸನ್ನೆ.

ಚಿಕ್ಕಂದಿನಿಂದ ಒಂದೇ ಕ್ಲಬ್, ಒಂದೇ ತಟ್ಟೆಯಲ್ಲಿ ಗಿರ್ಮಿಟ್. "ಮಧು ಅಕ್ಕಾ" ಅಂದರೆ ಶಿವಲೀಲಾಗೆ ಸ್ವಂತ ಅಕ್ಕನಿಗಿಂತ ಹೆಚ್ಚು.

ಆ ವರ್ಷ ಲೀಗ್‌ನಲ್ಲಿ ಇಬ್ಬರೂ ಬೇರೆ ಬೇರೆ ತಂಡದ ಪಾಲಾದರು. ಇಲ್ಲಿ ಚೆನ್ನಾಗಿ ಆಡಿದರಷ್ಟೇ ವಿಶ್ವಕಪ್ ತಂಡದಲ್ಲಿ ಜಾಗ...

ಮಧುಮತಿಯ ತಂಡದ ಎದುರು ಮೊದಲ ಪಂದ್ಯ. ಹಳೆಯ ರೂಢಿಯಂತೆ ಶಿವಲೀಲಾ ಜಡೆ ಎಸೆದಾಗಲೆಲ್ಲ ಸಿಕ್ಸರ್!

ಪಂದ್ಯ ಮುಗಿದ ಮೇಲೆ ಎದುರಾಳಿ ತಂಡದ ವಿದೇಶಿ ಆಟಗಾರ್ತಿಯೊಬ್ಬಳು ಬಂದು ಹೆಗಲು ತಟ್ಟಿದಳು. "ನಿನ್ನ ಜಡೆ ಎಲ್ಲವನ್ನೂ ಹೇಳಿಬಿಡುತ್ತದೆ. ಮಧುಮತಿ ನಮಗೆ ಮೊದಲೇ ತಿಳಿಸಿದ್ದಳು" ಅಂತ ನಕ್ಕಳು.

ಶಿವಲೀಲಾ ತನ್ನ ಜಡೆಯನ್ನು ಕೈಯಲ್ಲಿ ಹಿಡಿದು ನೋಡಿದಳು. ಉಂಡ ಮನೆಯ ಜಂತೆ ಎಣಿಸುವುದು ಅಂದರೆ ಇದೇ ಅಲ್ಲವೇ?

ಮನೆಗೆ ಫೋನ್ ಮಾಡಿ ನಡೆದದ್ದನ್ನೆಲ್ಲ ಹೇಳಿದಳು. "ಅವ್ವಾ, ನಂಗ ಆಟಾನ ಬ್ಯಾಡ. ವಾಪಸ್ ಬರ್ತೀನಿ."

ರೊಟ್ಟಿ ತಟ್ಟುತ್ತಿದ್ದ ಅವ್ವ ಕೈ ನಿಲ್ಲಿಸಿದಳು. "ಬಾ ಮಗಳ, ಬ್ಯಾಡ ಅನ್ನಂಗಿಲ್ಲ. ಆದ್ರ ಅಕಿ ಕದ್ದದ್ದು ಸನ್ನೆ... ಬಾಲ್ ಹಾಕೋ ಕೈ ಇನ್ನೂ ನಿನ್ನ ಹತ್ರನ ಐತೆಲ್ಲ?"

ಶಿವಲೀಲಾ ವಾಪಸ್ ಹೋಗಲಿಲ್ಲ.

ಫೈನಲ್‌ನಲ್ಲಿ ಮತ್ತೆ ಅದೇ ಎರಡು ತಂಡ. ಕೊನೆಯ ಬಾಲ್, ಎದುರಾಳಿಗಳಿಗೆ ಗೆಲ್ಲಲು ನಾಲ್ಕು ರನ್ ಬೇಕು. ಎದುರಿಗೆ ಬ್ಯಾಟ್ ಹಿಡಿದು ನಿಂತವಳು ಮಧುಮತಿಯೇ!

ಶಿವಲೀಲಾ ನಿಧಾನವಾಗಿ ಜಡೆಯನ್ನು ಹಿಂದಕ್ಕೆ ಎಸೆದಳು.

ಗುಟ್ಟು ಬಯಲಾದದ್ದು ಶಿವಲೀಲಾಗೆ ತಿಳಿದಿಲ್ಲ ಅಂದುಕೊಂಡಿದ್ದ ಮಧುಮತಿ, ಗೂಗ್ಲಿಯೆಂದೇ ಮುಂದೆ ನುಗ್ಗಿದಳು. ಬಾಲ್ ಒಳಕ್ಕೆ ಬರಲಿಲ್ಲ... ಹೊರಕ್ಕೆ ತಿರುಗಿತು. ಶಿವಲೀಲಾಳ ತಂಡದ ಕೀಪರ್ ತಡವರಿಸಿಕೊಂಡೇ ಹಿಡಿದು ಸ್ಟಂಪ್ ಮಾಡಿದಳು... ಮಧುಮತಿ ಔಟ್!

ಮೈದಾನವೆಲ್ಲ ಕುಣಿಯಿತು. ಶಿವಲೀಲಾ ಮಾತ್ರ ನಿಂತಲ್ಲೇ ನಿಂತಿದ್ದಳು.

ಮಧುಮತಿ ಹತ್ತಿರ ಬಂದಳು. "ನಂಗ ಮೋಸ ಮಾಡಿದಿ ಏನ ಶಿವ್ವಿ?"

ಶಿವಲೀಲಾಳ ಕಣ್ಣು ತುಂಬಿ ಬಂತು. "ಆ ಬಾಲ್ ಏನಂತ ನಮ್ಮ ಕೀಪರ್‌ಗೂ ಹೇಳಿರಲಿಲ್ಲ ಅಕ್ಕಾ... ಇನ್ನ ಯಾರಿಗೂ ಹೇಳಾಕ ನಂಗ ಧೈರ್ಯನ ಬರವಲ್ದು. ನೀ ಕಸ್ಕೊಂಡಿದ್ದು ಆ ನಂಬಿಕೀನ."

ಮಧುಮತಿಯ ಕೈಯಿಂದ ಬ್ಯಾಟ್ ಜಾರಿತು.

ವಿಶ್ವಕಪ್ ತಂಡದಲ್ಲಿ ಶಿವಲೀಲಾಳ ಹೆಸರು ಬಂತು. ಹೊರಡುವ ದಿನ ಅವ್ವ ಜಡೆ ಹೆಣೆಯಲು ಕೂತರೆ, "ತುರುಬು ಕಟ್ಟು ಸಾಕವ್ವಾ" ಅಂದಳು.

*ಸೋತ ಪಂದ್ಯ ಮತ್ತೆ ಗೆಲ್ಲಬಹುದು... ಸೋತ ನಂಬಿಕೆ ಹಾಗಲ್ಲ.*

ನಿಮ್ಮನ್ನೇ ನಂಬಿ ಯಾರೋ ಹೇಳಿಕೊಂಡ ಗುಟ್ಟು... ಇವತ್ತು ನಿಮ್ಮ ಹತ್ತಿರ ಭದ್ರವಾಗಿದೆಯೇ?