ಮಡ್ಡಿ ಮಣ್ಣಿನ ಹೆಂಟೆ

ಶೈಲಾ ಚೀಲವನ್ನು ಟ್ರೇಗೆ ಸುರಿದದ್ದೇ ಹೆಂಟೆಗಳು ದಡಬಡನೆ ಉರುಳಿದವು. ಪಕ್ಕದ ಮೇಜಿನವರು ತಿರುಗಿ ನೋಡಿದರು.

"ಕಾಕಾ, ಇದು ಮಣ್ಣೋ ಫರ್ಸಿ ಕಲ್ಲಿನ ತುಂಡೋ?"

"ಮಡ್ಡಿ ಹೊಲದ್ದವ್ವಾ. ಬ್ಯಾಸಿಗ್ಯಾಗ ಹಿಂಗ ಇರತದ" ಎಂದ ಶಿವಪ್ಪ, ಮೊಮ್ಮಗನ ತುಂಟತನ ಹೇಳಿಕೊಳ್ಳುವ ಅಜ್ಜನಂತೆ. "ಮಳಿ ಬಿದ್ದಾಗ ನೋಡಬೇಕು. ಕಾಲಾಗಿನ ಚಪ್ಪಲಿ ಕಸಗೊಂಡು ಇಟ್ಕೋತದ."

ಪುಣೆಯ ಶಿವಾಜಿನಗರದ ಆ ಮಣ್ಣು ಪರೀಕ್ಷೆಯ ಲ್ಯಾಬಿನಲ್ಲಿ ಕನ್ನಡ ಬಲ್ಲವಳು ಶೈಲಾ ಒಬ್ಬಳೇ. ಮೂವತ್ತಾರು ವರ್ಷ ಪುಣೆಯಲ್ಲಿ ವಕೀಲರ ಗುಮಾಸ್ತನಾಗಿ ದುಡಿದರೂ ಶಿವಪ್ಪನ ಮರಾಠಿ ಇಂಡಿ ತಾಲೂಕು ದಾಟಿ ಬಂದಿರಲಿಲ್ಲ. ಅವನು ಎರಡು ಮಾತಾಡಿದ್ದೇ ತಡ, ಅವಳು ನಕ್ಕು ಕನ್ನಡಕ್ಕೆ ಹೊರಳಿದ್ದಳು. ವರದಿಗೆ ಎಂಟು ದಿನ ಬೇಕು. ತನ್ನ ಕಡೆಯವರೆಂದು ಕಣ್ಣೆದುರೇ ಒಂದಿಷ್ಟು ನೋಡಿ ಹೇಳಲು ಒಪ್ಪಿದ್ದಳು.

ಅವನಿಗೆ ಎಂಟು ದಿನ ಕಾಯುವ ತಾಳ್ಮೆಯೂ ಇರಲಿಲ್ಲ. ಸದಾಶಿವ ಪೇಠೆಯ ವಾಡೆಯಲ್ಲಿ ಬಾಡಿಗೆಗೆ ಹಿಡಿದಿದ್ದ ಎರಡು ಕೋಣೆಗಳನ್ನು ತಿಂಗಳ ಕೊನೆಗೆ ಬಿಡುತ್ತೇನೆಂದು ಮಾಲೀಕರಿಗೆ ಹೇಳಿಯಾಗಿತ್ತು. ಹೆಂಡತಿ ಕಲ್ಲವ್ವ ಡಬ್ಬಿಗಳಿಗೆ ಹಗ್ಗ ಬಿಗಿಯುತ್ತಿದ್ದಳು. ಊರಲ್ಲಿ ಬೀಗ ಹಾಕಿದ, ಮಣ್ಣಿನ ಮಾಳಿಗೆಯ ಮನೆ ಇದೆ, ಆಚೆ ಕುರಿ ಮೇಯುವ ಬಯಲಿನಲ್ಲಿ ಮೂರು ಎಕರೆ ಮಡ್ಡಿ ಹೊಲ ಇದೆ, ಅಲ್ಲಿ ಲಿಂಬೆ ಹಚ್ಚಬೇಕು. ಇಷ್ಟೇ ಆಸೆ. ಆದರೆ ಈ ಇಷ್ಟನ್ನೇ ನೆನೆದು ಅವನು ಎಷ್ಟೋ ಸಲ ಕೋರ್ಟಿನ ಬೆಂಚಿನ ಮೇಲೆ ಕುಳಿತಲ್ಲೇ ಕಣ್ಣು ಒರೆಸಿಕೊಂಡಿದ್ದ. ಕಲ್ಲವ್ವನ ಮೊಣಕಾಲಿನ ಆಪರೇಷನ್ನಿನಿಂದಾಗಿ ಎರಡು ವರ್ಷದಿಂದ ಊರಿಗೆ ಹೋಗಿರಲಿಲ್ಲ. ಈ ಮಣ್ಣನ್ನೂ ಊರಲ್ಲೇ ಬೇರೆ ಮನೆ ಮಾಡಿಕೊಂಡಿರುವ ತಮ್ಮ ಮಾಂತುವೇ ಬಸ್ಸಿಗೆ ಹಾಕಿ ಕಳಿಸಿದ್ದ.

ಶೈಲಾ ಒಂದು ಚೂರಿನ ಮೇಲೆ ಆಸಿಡ್ ಹನಿಸಿದಳು. ಬುಸುಬುಸು ನೊರೆ ಬಂತು. ಪುಡಿಯನ್ನು ನೀರಲ್ಲಿ ಕಲಸಿ ಹೆಬ್ಬೆರಳಿನಿಂದ ಒತ್ತಿದಳು. ಎರಡು ಬೆರಳಗಲದ ಪಟ್ಟಿ ಬಂದು ಮುರಿಯಿತು. ಗಾಜಿನ ಲೋಟದಲ್ಲಿ ಉದುರಿಸಿದ ಚಿಟಿಕೆ ಮಣ್ಣು ತಳಕ್ಕಿಳಿಯದೆ ನೀರನ್ನೆಲ್ಲ ರಾಡಿ ಮಾಡಿ ಹಾಗೇ ನಿಂತಿತು. ಪಿಎಚ್ ಮೀಟರು ಒಂಬತ್ತು ತೋರಿಸಿತು.

"ಖರೇ ಹೇಳ್ತೀನಿ ಕಾಕಾ, ಬ್ಯಾಸರ ಮಾಡ್ಕೋಬ್ಯಾಡ್ರಿ. ಇದು ಸವಳು ಮಣ್ಣು. ಸುಣ್ಣ ಭಾಳ ಅದ. ನೀರು ಕೆಳಗ ಇಳಿಯಾಂಗಿಲ್ಲ, ಲಿಂಬಿ ಬೇರು ಉಸಿರುಕಟ್ಟಿ ಸಾಯ್ತಾವ. ಜಿಪ್ಸಂ ಹಾಕಿ ನಾಲ್ಕೈದು ವರ್ಷ ದುಡದ್ರ ಏನರ ಆದೀತು."

"ದುಡಿಯೂಣಂತ. ಅವಸರೇನದ? ಇರಾಕ ಮನಿ ಅದ."

ಅವಳಿಗೆ ಪಾಪ ಎನಿಸಿತು. ಇನ್ನೊಂದು ದೊಡ್ಡ ಹೆಂಟೆ ಎತ್ತಿಕೊಂಡು ಒಡೆಯಲು ಹೋದವಳು ಅದನ್ನು ತಿರುಗಿಸಿ ನೋಡಿದಳು. "ಕಾಕಾ, ಹೊಲದಾಗ ಏನರ ಸುಟ್ಟಿದ್ರೇನು? ಒಂದು ಮೈ ಪೂರಾ ಮಸಿ ಹಿಡದದ."

ಶಿವಪ್ಪ ಹೆಂಟೆಯನ್ನು ಕೈಗೆ ತೆಗೆದುಕೊಂಡ. ಕಪ್ಪು ಮೈಯ ಮೇಲೆ ತೊಗರಿ ಕಟ್ಟಿಗೆಗಳ ಗೆರೆಗಳು ಸಾಲಾಗಿ ಒತ್ತಿಕೊಂಡಿದ್ದವು. ನೀರು ಇಳಿಯಗೊಡುವುದಿಲ್ಲವೆಂದೇ ಅಪ್ಪ ಪ್ರತಿ ವರ್ಷ ಜೂನಿನ ಮಿರಗದ ಮಳೆಗೆ ಮೊದಲು ಈ ಮಣ್ಣನ್ನು ಮಡ್ಡಿಯಿಂದ ಬಂಡಿಯಲ್ಲಿ ತಂದು, ತೊಗರಿ ಕಟ್ಟಿಗೆ ಹಾಸಿದ ಮಾಳಿಗೆಯ ಮೇಲೆ ಹರಡುತ್ತಿದ್ದ. ತಾನೂ ಮಾಂತುವೂ ಕುಣಿದು ತುಳಿಯುತ್ತಿದ್ದರು. ಕೆಳಗೆ ಅವ್ವನ ಒಲೆ ಉರಿಯುತ್ತಿತ್ತು. ಈ ಮಸಿ ಆ ಒಲೆಯದು. ಮಾಳಿಗೆ ತಲೆಯ ಮೇಲೆ ಇರುವ ತನಕ ಅದರ ಮಣ್ಣು ಹೀಗೆ ಯಾರ ಚೀಲಕ್ಕೂ ಬರುವುದಿಲ್ಲ.

ಅವನು ಮಾಂತುವಿಗೆ ಫೋನ್ ಹಚ್ಚಿದ.

"ಮಣ್ಣು ಎಲ್ಲಿಂದ ತಗದಿ?"

"ಹೊಲದಾಗಿಂದನ ಅಣ್ಣಾ."

"ಮಾಂತೂ."

ಆ ಕಡೆಯಿಂದ ಎಲ್ಲ ಒಂದೇ ಉಸಿರಿಗೆ ಬಂತು. "ಹೊಲದಾಗ ಹಾರಿ ಸೈತ ಇಳೀಲಿಲ್ಲೋ ಅಣ್ಣಾ. ಹೆಂಗೂ ಅದೂ ಮಡ್ಡೀದ ಮಣ್ಣ ಅಂತ ಮನಿ ಬಿದ್ದ ರಾಶ್ಯಾಗಿಂದ ತುಂಬಿದ್ನಿ. ಹೋದ ಶ್ರಾವಣದಾಗ ಬಿತ್ತು. ತೊಲಿಗಿ ಗೆದ್ದಲ ಹತ್ತಿತ್ತು. ನೀ ಫೋನ್ ಮಾಡಿದಾಗೆಲ್ಲಾ ಮನಿ ಹೆಂಗದ, ಮನಿ ಹೆಂಗದ ಅಂತಿದ್ದಿ. ಹೆಂಗ ಹೇಳ್ಲಿ ನಾ?"

ಬೈಯಬೇಕೆಂದು ಶಿವಪ್ಪ ಬಾಯಿ ತೆರೆದ. ಬಂದದ್ದು ಬೇರೆಯೇ. "ಸೋರ್ತಿತ್ತೇನು?"

"ಇಲ್ಲೋ. ಬೀಳೋ ದಿನಾನೂ ಒಂದ ಹನಿ ಸೋರಿರಲಿಲ್ಲ."

ಶೈಲಾ ನೀರಿನ ಬಾಟಲಿ ಮುಂದಿಟ್ಟಳು. ಅವನು ಕುಡಿಯಲಿಲ್ಲ. ಹೆಂಟೆಯನ್ನು ಮೂಗಿಗೆ ಹಿಡಿದು ಕುಳಿತ. ಅಷ್ಟರಲ್ಲಿ ಫೋನ್ ಬಡಿದುಕೊಂಡಿತು. ಕಲ್ಲವ್ವನ ದನಿ ಅರ್ಧ ಲ್ಯಾಬಿಗೆ ಕೇಳುವಂತಿತ್ತು. ಈ ವಾರವೆಲ್ಲ ಅವಳು ಹಾಗೇ ಉತ್ಸಾಹದಿಂದ ಕೂಗಿ ಮಾತಾಡುತ್ತಿದ್ದಳು.

"ರೀ, ತಾಡಪತ್ರಿ ಅಂಗಡಿ ಮುಂದ ನಿಂತೀನಿ. ಎರಡು ವರ್ಷ ಮಾಳಿಗಿಗೆ ಮಣ್ಣು ಹಾಕಿಲ್ಲ ನೋಡ್ರಿ, ಹೋದಕೂಡ್ಲೇ ಮಳಿ ಬಂದ್ರ? ಮ್ಯಾಲ ಹೊಚ್ಚಾಕ ಒಂದು ತಗೊಳ್ಳೇನು? ಎಲ್ಲೆರ ಸೋರ್ತದೇನು ಅಂತ ಮಾಂತೂನ್ನ ಕೇಳ್ರಿ."

ಶಿವಪ್ಪ ಮಸಿ ಹತ್ತಿದ ಬೆರಳುಗಳನ್ನು ನೋಡಿಕೊಂಡ.

"ಬ್ಯಾಡ" ಎಂದ. "ಈಗಷ್ಟ ಕೇಳೀನಿ. ಒಂದ ಹನಿ ಸೋರಿಲ್ಲಂತ."